ಹಿಡಿ ಜೋಳಕ್ಕೆ ಕೊಂಡ ಕೂಸು

ನರ್ಸ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಈಗಲೂ ಒಮ್ಮೊಮ್ಮೆ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿದು, ನನ್ನ ಮೊಣಕಾಲು ನೋವಿಗೆ ತಮಗೆ ಗೊತ್ತಿರುವ ಗುಳಿಗೆಗಳ ಹೆಸರನ್ನೆಲ್ಲ ಹೇಳಿ, ಕೊನೆಗೆ "ನಿಮ್ಮ ಕಾಲದಾಗ ಹೆಂಗಿತ್ರಿ ಬಾಯಿ?" ಎನ್ನುತ್ತಾರೆ. ಕೇಳುವಾಗ ಅವರ ಮುಖದಲ್ಲಿ ಸ್ವಲ್ಪ ಕನಿಕರ ಇರುತ್ತದೆ. ನಾವೆಲ್ಲ ಕತ್ತಲೆಯಲ್ಲಿ ತಡಕಾಡುತ್ತಿದ್ದೆವು ಎಂದುಕೊಂಡಿರುತ್ತಾರೆ. ಅದು ಸುಳ್ಳೇನೂ ಅಲ್ಲ.

ಇಂಜೆಕ್ಷನ್ ಸೂಜಿಯನ್ನು ನಾವೇ ಸಾಣೆಗೆ ಉಜ್ಜಿ, ಪ್ರೈಮಸ್ ಒಲೆಯ ಮೇಲೆ ಕುದಿಸಿ, ಸವೆದುಹೋಗುವ ತನಕ ಅದನ್ನೇ ಬಳಸುತ್ತಿದ್ದೆವು. ಎದೆಯಲ್ಲಿ ಕಫ ಕಟ್ಟಿದವರಿಗೆ ಅಗಸೆ ಹಿಟ್ಟು ಬೇಯಿಸಿ ಬಟ್ಟೆಯಲ್ಲಿ ಕಟ್ಟುವುದೇ ದೊಡ್ಡ ಚಿಕಿತ್ಸೆ. ಪೆನಿಸಿಲಿನ್ ಎಂಬ ಹೆಸರು ನಮ್ಮ ಕಡೆಗೆ ಬಂದದ್ದು ಬಹಳ ತಡವಾಗಿ. ಮಹಾಯುದ್ಧದ ಆ ವರ್ಷಗಳಲ್ಲಿ ಕಂದೀಲಿಗೆ ಎಣ್ಣೆ ಸಿಕ್ಕರೆ ಹಬ್ಬ. ನಾನು ಯಾವಾಗ ಹೆಡ್ ನರ್ಸ್ ಆದೆ, ಯಾರು ಹಾರ ಹಾಕಿದರು ಎಂಬುದೆಲ್ಲ ಇಲ್ಲಿ ಬೇಡ. ಹಾರ ಮರುದಿನವೇ ಬಾಡಿತು. ಮನಸ್ಸಿನಲ್ಲಿ ಉಳಿದವರು ಮನುಷ್ಯರು, ಅವರೂ ಕನಸಿನಲ್ಲಿ ಕಂಡ ಹಾಗೆ ಬರುತ್ತಾರೆ. ಮುಖ ನಿಚ್ಚಳವಾಗಿ ಕಾಣುತ್ತದೆ, ಸುತ್ತಲಿನದು ಮಂಜು.

ನಾನು ಅಫಜಲಪುರದವಳು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡ. ತವರಿನ ಅಡುಗೆಮನೆಯ ಮೂಲೆ ಹಿಡಿಯಬೇಕಿದ್ದ ನನ್ನನ್ನು ಅಣ್ಣ ಹಟ ಮಾಡಿ ಹೈದರಾಬಾದಿಗೆ ಕರೆದೊಯ್ದು ತರಬೇತಿಗೆ ಸೇರಿಸಿದ. ಊರವರು ಅವನಿಗೆ ಅಂದದ್ದನ್ನು ಇಲ್ಲಿ ಬರೆಯಲಾರೆ. ತರಬೇತಿ ಮುಗಿಸಿ ಬಂದಾಗ ಮೊದಲ ಕೆಲಸ ಆಳಂದದಲ್ಲಿ.

ಆಳಂದದ ಒಂದು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ನಿಂಬರ್ಗಾದಿಂದ ಒಬ್ಬ ಮುದುಕಿ ಜ್ವರ ಬಂದು ಸೇರಿದ್ದಳು. ಮೊದಲ ದಿನ ನಾಲಿಗೆಯ ಕೆಳಗೆ ಥರ್ಮಾಮೀಟರ್ ಇಟ್ಟು ತೆಗೆದೆ. ಅವಳು ಕಣ್ಣು ಮುಚ್ಚಿ, "ಹಾ, ಈಗ ಆರಾಮ ಅನಸ್ತು" ಅಂದಳು. ಅಂದಿನಿಂದ ನಾನು ಹಾದುಹೋದಾಗಲೆಲ್ಲ, "ಬಾಯಾರ, ಆ ಕಾಜಿನ ಕಡ್ಡಿ ಇನ್ನೊಮ್ಮಿ ಇಡ್ರಿ, ಅದರಾಗ ಭಾಳ ಗುಣ ಐತ್ರಿ" ಎಂದು ಬಾಯಿ ತೆರೆದು ಕೂರುವಳು. ನಾನು ಇಡುತ್ತಿದ್ದೆ. ಜೊತೆಯ ನರ್ಸ್ ನಕ್ಕಳು, "ಅದು ಜ್ವರ ನೋಡೋದು, ಔಷಧ ಅಲ್ಲ ಅಂತ ತಿಳಿಸಿ ಹೇಳಬಾರದ?" ಎಂದು ಗದರಿದಳು. ನಾನು ಹೇಳಲಿಲ್ಲ. ಮುದುಕಿ ಗುಣವಾಗಿ ನಡೆದುಕೊಂಡೇ ಊರಿಗೆ ಹೋದಳು, ಕಡ್ಡಿಗೆ ಕೈಮುಗಿದು ಹೋದಳು. ನನ್ನ ಬುದ್ಧಿ ಮೊದಲಿನಿಂದ ಹೀಗೆಯೇ. ರೋಗಿ ಯಾವ ಬಾಗಿಲಿನಿಂದ ಬರುತ್ತಾನೋ ಅದೇ ಬಾಗಿಲಲ್ಲಿ ನಿಂತು ಕರೆಯಬೇಕು, ನಮ್ಮ ಬಾಗಿಲಿಗೆ ಎಳೆಯಬಾರದು. ಇದನ್ನು ನನಗೆ ಯಾವ ಪಾಠದಲ್ಲೂ ಕಲಿಸಲಿಲ್ಲ.

ಅಲ್ಲಿಂದ ಜೇವರ್ಗಿಗೆ ವರ್ಗವಾಯಿತು. ಚಿಕ್ಕ ದವಾಖಾನೆ, ನೆಲಕ್ಕೆ ಪರಸಿ ಕಲ್ಲು ಹಾಸಿದ ಉದ್ದನೆಯ ಕೋಣೆ, ಅಂಗಳದಲ್ಲಿ ಬೇವಿನ ಮರ. ಡಾಕ್ಟರ್ ಸಾಹೇಬರು ಹೈದರಾಬಾದಿನವರು, ಉರ್ದು ಬಿಟ್ಟು ಮಾತನಾಡುತ್ತಿರಲಿಲ್ಲ, ಕನ್ನಡ ಎಲ್ಲ ತಿಳಿಯುತ್ತಿತ್ತು. ಗದರುವುದರಲ್ಲಿ ಅವರ ಸಮ ಇಲ್ಲ. ಹಾಸಿಗೆಯ ಮೇಲೆ ನಾವು ಕೂತರೆ, ರೋಗಿಯ ಕಡೆಯವರು ಪುಂಡಿಪಲ್ಯದ ಗಂಟು ಬಿಚ್ಚಿದರೆ, ಕಿಟಕಿ ಮುಚ್ಚಿದರೆ, ಇಡೀ ದವಾಖಾನೆ ನಡುಗುವ ಹಾಗೆ ಕೂಗುತ್ತಿದ್ದರು. ಮಕ್ಕಳ ಹಾಸಿಗೆಯ ಹತ್ತಿರ ಮಾತ್ರ ಅವರ ದನಿ ಎಲ್ಲಿ ಹೋಗುತ್ತಿತ್ತೋ ಗೊತ್ತಾಗುತ್ತಿರಲಿಲ್ಲ.

ಅಲ್ಲಿಗೆ ಬಂದವಳು ಶರಣಮ್ಮ. ಎಲ್ಲರಿಗೂ ಶರಣಿ. ಕೊಳಕೂರಿನ ಒಕ್ಕಲಿಗ ಮಲ್ಲಣ್ಣನ ಮಗಳು, ಏಳು ವರ್ಷದವಳಿರಬೇಕು. ಮೊದಲು ಕೀಲುಗಳಿಗೆ ಬಂದ ಬೇನೆ, ಆಮೇಲೆ ಜ್ವರ, ಆಮೇಲೆ ಅದು ಎದೆಗೆ ಇಳಿದು ಹೃದಯದ ಕವಾಟ ಕೆಡಿಸಿತ್ತು. ಬಂದಾಗ ಮೈಯೆಲ್ಲ ಬಾವು, ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಈಗಾದರೆ ಎದೆ ಸೀಳಿ ಸರಿಪಡಿಸುತ್ತಾರಂತೆ. ಆಗ ನಮ್ಮ ಕೈಯಲ್ಲಿ ಇದ್ದದ್ದು ಹೃದಯದ ಹನಿಮದ್ದು, ಉಪ್ಪಿಲ್ಲದ ಊಟ, ಒರಗಿ ಕೂರಲು ದಿಂಬು. ಬೇಸಿಗೆಯಲ್ಲಿ ಬಂದವಳು ಮಳೆಗಾಲ ಕಳೆದು ಚಳಿ ಬರುವ ತನಕ ನಮ್ಮಲ್ಲೇ ಇದ್ದಳು.

ಅವಳ ತಾಯಿ ಕಾಶಿಬಾಯಿ ದವಾಖಾನೆಯ ಹಿಂದಿನ ಚಾವಡಿಯಲ್ಲಿ ಒಲೆ ಹೂಡಿ ಅಲ್ಲೇ ಉಳಿದಳು. ಹೆಚ್ಚು ಮಾತಿಲ್ಲದ ಹೆಂಗಸು. ಬಂದ ಕೆಲವು ದಿನಗಳಿಗೆ ಶರಣಿಗೆ ಬಹಳ ಕಷ್ಟವಾಯಿತು, ತುಟಿ ನೀಲಿ ತಿರುಗಿತು. ಆ ಮಧ್ಯಾಹ್ನ ಕಾಶಿಬಾಯಿ ಎಲ್ಲಿಂದಲೋ ಒಂದು ಮೊರ ತಂದು ಮಗುವಿನ ಕಾಲ ಕೆಳಗೆ ಇಟ್ಟು, ನನ್ನ ಕಡೆ ತಿರುಗಿದಳು.

"ಬಾಯಾರ, ಈ ಕೂಸು ನನ್ನ ಕೈಯಾಗ ಉಳ್ಯಂಗಿಲ್ರಿ. ನೀವು ಕೊಂಡುಬಿಡ್ರಿ."

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಮಕ್ಕಳು ಉಳಿಯದ ತಾಯಿ, ಹುಟ್ಟಿದ ಕೂಸನ್ನು ಮೊರದಲ್ಲಿ ಹಾಕಿ ಬೇರೊಬ್ಬಳಿಗೆ ಮಾರುತ್ತಾಳೆ. ಕೊಂಡವಳು ತೌಡೋ ಜೋಳವೋ ಒಂದು ಹಿಡಿ ಕೊಡುತ್ತಾಳೆ. ಅಂದಿನಿಂದ ಕೂಸು ಹೆಸರಿಗೆ ಅವಳದು. ಈ ತಾಯಿಯ ಮಕ್ಕಳನ್ನು ಹುಡುಕಿಕೊಂಡು ಬಂದ ಸಾವಿಗೆ ದಾರಿ ತಪ್ಪಲಿ ಎಂದು ಈ ಉಪಾಯ. ಅದು ಹೆಸರಿಗೆ ಅಷ್ಟೇ, ಸಾಕುವವಳು, ಮುದ್ದಿಸುವವಳು ಹೆತ್ತವಳೇ. ನಾನು ಅಡುಗೆಮನೆಯಿಂದ ಒಂದು ಹಿಡಿ ಜೋಳ ತಂದು ಕಾಶಿಬಾಯಿಯ ಸೆರಗಿಗೆ ಹಾಕಿದೆ. ವಾರ್ಡಿನ ಹೆಂಗಸರೆಲ್ಲ "ಆತು, ಆತು" ಅಂದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಡಾಕ್ಟರ್ ಸಾಹೇಬರು ಗದರಲಿಲ್ಲ, ಕನ್ನಡಕ ಒರೆಸಿಕೊಂಡು ಹೊರಟುಹೋದರು. ಅಂದು ಸಂಜೆಯಿಂದ ಶರಣಿಯ ಏದುಸಿರು ಇಳಿಯಿತು. ಹನಿಮದ್ದಿನ ಗುಣ ಎಂದು ನಾನು ಹೇಳಬಲ್ಲೆ, ಕಾಶಿಬಾಯಿ ಏನು ಹೇಳುತ್ತಾಳೆ ಎಂಬುದೂ ಗೊತ್ತಿತ್ತು.

ಆದರೆ ಕಾಶಿಬಾಯಿ ಆ ಮಾರಾಟವನ್ನು ಹೆಸರಿಗಷ್ಟೇ ಎಂದು ಬಿಡಲಿಲ್ಲ. ಮೂರು ಹೊತ್ತು ಉಪ್ಪಿಲ್ಲದ ರೊಟ್ಟಿ ಬಡಿದು ತರುವಳು, ಹಾಸಿಗೆಯಿಂದ ಮಾರು ದೂರ ಇಟ್ಟು, "ನಿಮ್ಮ ಮಗಳಿಗಿ ಉಣಸ್ರಿ ಬಾಯಾರ" ಎಂದು ಹೊರಗೆ ಹೋಗುವಳು. ಮೈ ಒರೆಸುವುದು, ತಲೆ ಬಾಚುವುದು ಎಲ್ಲ ನನ್ನ ಪಾಲಿಗೆ. ಮೊದಮೊದಲು ಶರಣಿಗೆ ಇದು ಆಟ. ನನ್ನನ್ನು "ಕೊಂಡವ್ವ" ಎಂದು ಕರೆದು ನಗುತ್ತಿದ್ದಳು. ದಿನ ಕಳೆದಂತೆ ನಗು ನಿಂತಿತು. ಕಿಟಕಿಯಾಚೆ ಬೇವಿನ ಮರದ ಕೆಳಗೆ ಕೂತು ಇತ್ತ ನೋಡುತ್ತಿದ್ದ ತಾಯಿಯನ್ನು ಇವಳು ನೋಡುತ್ತಿದ್ದಳು, ಅವಳು ಇವಳನ್ನು. ತಾಯಿ ಒಳಗೆ ಬರುತ್ತಿರಲಿಲ್ಲ. ನನಗೆ ಕಾಶಿಬಾಯಿಯ ಮೇಲೆ ಸಿಟ್ಟೇ ಬರುತ್ತಿತ್ತು. ಇದೆಂಥ ಕಲ್ಲು ಹೆಂಗಸು ಅಂದುಕೊಳ್ಳುತ್ತಿದ್ದೆ.

ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಡಾಕ್ಟರ್ ಸಾಹೇಬರು ಮಲ್ಲಣ್ಣನನ್ನು ಕೂರಿಸಿಕೊಂಡು ಹೇಳಿದರು. ಇನ್ನು ಮಾಡಬೇಕಾದ್ದು ಏನೂ ಉಳಿದಿಲ್ಲ. ಕೆಲವು ತಿಂಗಳು ಇರಬಹುದು, ದೇವರು ಕೊಟ್ಟರೆ ಹೆಚ್ಚು. ಮಗು ತನ್ನ ಮನೆಯಲ್ಲಿ ಇರಲಿ. ಮಲ್ಲಣ್ಣ ಹೂಂ ಎಂದು ರುಮಾಲಿನ ತುದಿ ಕಚ್ಚಿಕೊಂಡು ಅಂಗಳಕ್ಕೆ ಹೋದ. ಹನಿಮದ್ದು ಕೊಡುವುದನ್ನು, ಒರಗಿಸುವುದನ್ನು ಮನೆಯವರಿಗೆ ಕಲಿಸಲು ಯಾರಾದರೂ ಹೋಗಬೇಕಿತ್ತು. ಸಾಹೇಬರು ನನ್ನ ಕಡೆ ನೋಡಿ, "ಬೇಟೀ ತುಮಾರೀಚ್ ಹೈ ನಾ ಬಾಯಿ, ತುಮೀಚ್ ಛೋಡ್ಕೆ ಆವ್" ಅಂದರು. ಮಗಳು ನಿನ್ನವಳೇ ಅಲ್ಲವೇ, ನೀನೇ ಬಿಟ್ಟು ಬಾ ಎಂದು. ತಮಾಷೆಯ ಮಾತು, ಹೇಳಿದ ದನಿಯಲ್ಲಿ ತಮಾಷೆ ಇರಲಿಲ್ಲ.

ಹೊರಟ ದಿನ ಎಳ್ಳಮಾವಾಸ್ಯೆ. ಹೊಲದ ಹಬ್ಬ. ಮಗಳು ಬೆಳೆ ನೋಡುತ್ತ ಬರಲಿ ಎಂದು ಮಲ್ಲಣ್ಣನೇ ಆ ದಿನ ಆರಿಸಿದ್ದ. ಬಂಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕೌದಿ ಹಾಕಿ, ಹೊಟ್ಟು ತುಂಬಿದ ಚೀಲವನ್ನು ಮುಂದಿನ ಕಡೆ ಒಡ್ಡಿ ಶರಣಿಯನ್ನು ಅದಕ್ಕೆ ಒರಗಿಸಿದೆವು. ಹಾಗಾಗಿ ಅವಳ ಮುಖ ಹಿಂದಕ್ಕಿತ್ತು. ನಾನು ಪಕ್ಕದಲ್ಲಿ ಕೂತೆ. ಮಲ್ಲಣ್ಣ ಎತ್ತು ಹೊಡೆಯುತ್ತಿದ್ದ. ಕಾಶಿಬಾಯಿ ಬಂಡಿ ಏರಲಿಲ್ಲ. "ನಾ ನಡ್ಕೊತ ಬರ್ತೇನಿ" ಎಂದಳು. ಬಂಡಿಯ ಹಿಂದೆ, ಧೂಳಿನಲ್ಲಿ, ಮಾರು ದೂರ ಬಿಟ್ಟು ನಡೆಯತೊಡಗಿದಳು.

ಆ ದಾರಿಯನ್ನು ನಾನು ಎಷ್ಟು ಸಲ ಕನಸಿನಲ್ಲಿ ನಡೆದಿದ್ದೇನೋ. ಮಂಜು ಇನ್ನೂ ಹೊಲದ ಮೇಲೆ ಮಲಗಿತ್ತು. ಎರಡೂ ಕಡೆ ಬಿಳಿಜೋಳ ಆಳೆತ್ತರ ನಿಂತು, ಹಾಲು ತುಂಬಿದ ತೆನೆ ತೂಗುತ್ತಿತ್ತು. ಹಿಂದಕ್ಕೆ ಮುಖ ಮಾಡಿ ಕೂತವರಿಗೆ ಯಾವುದೂ ಎದುರು ಬರುವುದಿಲ್ಲ. ಮರ, ಬಾವಿ, ಗುಡಿಯ ಗೋಡೆ, ಎಲ್ಲ ಭುಜದ ಹಿಂದಿನಿಂದ ಸುಮ್ಮನೆ ಹೊರಟು, ಸಣ್ಣದಾಗುತ್ತ, ಮಂಜಿನಲ್ಲಿ ಹೋಗಿಬಿಡುತ್ತವೆ. ಸಣ್ಣದಾಗದೆ ಉಳಿದದ್ದು ಒಂದೇ, ಹಿಂದೆ ನಡೆದು ಬರುತ್ತಿದ್ದ ಕಾಶಿಬಾಯಿ.

"ಕೊಂಡವ್ವ," ಶರಣಿ ಪಿಸುಮಾತಿನಲ್ಲಿ ಅಂದಳು, "ಎಲ್ಲಾ ಓಡಿ ಹೊಂಟಾವ. ಅಕಿ ಒಬ್ಬಾಕೀನ ಬರಾಕತ್ತಾಳ."

"ಹೌದಲ್ಲ," ಎಂದೆ.

ಹಳ್ಳ ಬಂತು. ಗಾಲಿ ನೀರಿಗಿಳಿದಾಗ ಶರಣಿ ಕಣ್ಣು ಮುಚ್ಚಿ ಸಪ್ಪಳ ಕೇಳಿದಳು. ಕಾಶಿಬಾಯಿ ಸೀರೆ ಎತ್ತಿಕಟ್ಟಿ ಮೊಣಕಾಲು ನೀರಿನಲ್ಲಿ ಬಂದಳು. ಬಂಡಿ ಒಮ್ಮೆ ಕಲ್ಲಿಗೆ ತಾಗಿ ಅಲುಗಿದಾಗ, ಅವಳ ಎರಡೂ ಕೈ ತಾವಾಗಿಯೇ ಮುಂದಕ್ಕೆ ಚಾಚಿದ್ದನ್ನು ನೋಡಿದೆ. ಮರುಕ್ಷಣ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಅದನ್ನು ನೋಡಿದ ಮೇಲೆ ನನ್ನ ಸಿಟ್ಟು ಅರ್ಧಕ್ಕೆ ನಿಂತಿತು.

ಬಿಸಿಲೇರಿದಂತೆ ಹೊಲಗಳಿಗೆ ಜೀವ ಬಂತು. ಹೊಸ ಬಟ್ಟೆ ತೊಟ್ಟ ಮಕ್ಕಳು, ಬುಟ್ಟಿ ಹೊತ್ತ ಹೆಂಗಸರು, ಚರಗವೆಂದು ಬೆಳೆಗೆ ಎಡೆ ಚೆಲ್ಲುವ ಗಂಡಸರ ಕೂಗು. ನಮ್ಮ ಬಂಡಿ ಕಂಡು ಒಬ್ಬ ಹೆಂಗಸು ಓಡಿಬಂದು ಎತ್ತಿನ ಕೊಂಬೇ ಹಿಡಿದಳು. "ಹಬ್ಬದ ದಿನ ನಮ್ಮ ಹೊಲ ದಾಟಿ ಹಸಿದು ಹೋಗ್ತೀರೇನು? ಇಳೀರಿ!" ಆ ದಿನ ಹಾಗೆ ಕರೆದರೆ ಇಲ್ಲ ಎನ್ನುವ ರೂಢಿ ಇಲ್ಲ. ಜೋಳದ ದಂಟಿನ ಕೊಂಪೆಯಲ್ಲಿ ಐದು ಕಲ್ಲು ಇಟ್ಟು, ಪಾಂಡವರೆಂದು ಪೂಜೆ ಮಾಡಿದ್ದರು. ನೆರಳಿನಲ್ಲಿ ಶರಣಿಯನ್ನು ಕೂರಿಸಿದೆವು. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಕಡುಬು, ಅಂಬಲಿ ಬಂದವು. ಶರಣಿಗೆ ನಾನು ಗಂಟಿನಿಂದ ಅವಳ ಸಪ್ಪೆ ರೊಟ್ಟಿ ತೆಗೆದೆ. ಆ ಹೆಂಗಸು ಮಗುವಿನ ಕೆನ್ನೆ ಸವರಿ ಕೇಳಿದಳು, "ಯಾರ ಕೂಸು ಬೇ ಇದು? ಎಷ್ಟು ಬಾಡ್ಯಾದ!"

ಶರಣಿ ಕತ್ತೆತ್ತಿ ತಾಯಿಯನ್ನು ನೋಡಿದಳು. ಕಾಶಿಬಾಯಿ ನನ್ನ ಕಡೆ ಕೈ ತೋರಿಸಿದಳು. "ಇವರ್ದು. ಈ ಬಾಯಾರ್ದು."

ಶರಣಿ ರೊಟ್ಟಿಯನ್ನು ಕೆಳಗಿಟ್ಟು ಕೊಂಪೆಯ ದಂಟಿನ ಕಡೆ ಮುಖ ತಿರುಗಿಸಿಕೊಂಡಳು. ಆಮೇಲೆ ಎಷ್ಟು ಹೇಳಿದರೂ ತುತ್ತು ಮುಟ್ಟಲಿಲ್ಲ, ನೀರೂ ಬೇಡ ಅಂದಳು. ಅಂಥ ಎದೆಬೇನೆಯ ಮಕ್ಕಳು ಊಟ ಬಿಟ್ಟರೆ ಬಹಳ ದಿನ ಇರುವುದಿಲ್ಲ.

ಎತ್ತಿಗೆ ನೀರು ಕುಡಿಸುತ್ತಿದ್ದ ಮಲ್ಲಣ್ಣನ ಬಳಿ ಹೋಗಿ ಸಿಟ್ಟಿನಲ್ಲೇ ಅಂದೆ, "ನಿನ್ನ ಹೇಣ್ತಿಗಿ ಏನಾಗೇದ? ಕೂಸಿನ ಜೀವ ಹೊಂಟದ, ಒಂದ್ಸಲ ಮಗಳ ಅಂದ್ರ ಏನು ಗಂಟು ಹೋಗ್ತದ?"

ಮಲ್ಲಣ್ಣ ಹಗ್ಗ ಹಿಡಿದುಕೊಂಡು ನಿಂತ. "ಶರಣಿಗಿಂತ ಮದಲ ಒಂದು ಗಂಡು ಇತ್ರಿ ಬಾಯಾರ. ಅದರ ಮದಲಿನ ಕೂಸು ಉಳೀಲಿಲ್ಲಂತ ಹುಟ್ಟಿದ ದಿನಾನೇ ಬಾಜು ಮನಿ ಮುದುಕಿಗಿ ಮಾರಿದ್ವಿ. ಚಂದ ಬೆಳೀತು, ತೆಪ್ಪ ತೆಪ್ಪ ಹೆಜ್ಜಿ ಹಾಕ್ತಿತ್ತು. ಒಂದಿನ ಅಂಗಳದಾಗ ಓಡಿಬಂದು ಇಕಿನ ಕಾಲಿಗಿ ಬಿತ್ತು. ಇಕಿ ತಡೀದೆ, ಎತ್ತಿ ಮುದ್ದಿಟ್ಟು 'ನನ್ನ ಮಗನ' ಅಂದ್ಲು. ಎಲ್ಲಾರೂ ಕೇಳಿದ್ವಿ. ಆ ವಾರದಾಗ ಜ್ವರ ಬಂದು ಹೋತು. ತನ್ನ ನಾಲಗಿ ಕೊಂದದ ಅಂತಾಳ್ರಿ. ಶರಣಿ ಗಟ್ಟಿ ಇದ್ಲಂತ ಮಾರಿರ್ಲಿಲ್ಲ. ಈಗ ಮಾರಿದ ಮ್ಯಾಲ ಅಕಿ ಕಡಿ ನೋಡಿದ್ರ ಬಾಯಿಗಿ ಸೆರಗು ತುರಕ್ಕೊತಾಳ."

ನಾನು ತಿರುಗಿ ನೋಡಿದೆ. ಕಾಶಿಬಾಯಿ ಹೊಲದ ಬದುವಿನ ಮೇಲೆ ಒಬ್ಬಳೇ ಕೂತಿದ್ದಳು, ಊಟ ಮುಟ್ಟಿರಲಿಲ್ಲ. ಬಾಯಿಗೆ ಸೆರಗು ಇತ್ತು. ಇಷ್ಟು ತಿಂಗಳು ನಾನು ಕಲ್ಲು ಅಂದುಕೊಂಡದ್ದು ಹೆದರಿಕೆಯಾಗಿತ್ತು. ನನಗೆ ಅಳು ಬಂತು. ನಾಲಿಗೆ ಯಾರನ್ನೂ ಕೊಲ್ಲುವುದಿಲ್ಲ ಎಂದು ಅವಳಿಗೆ ಹೇಳಬಹುದಿತ್ತು. ಆ ಮಾತು ಅವಳ ಕಿವಿಯ ಹೊರಗೇ ಉಳಿಯುತ್ತಿತ್ತು.

ಹೊತ್ತು ಇಳಿಯುವ ವೇಳೆಗೆ ಕೊಳಕೂರು ಸೇರಿದೆವು. ಓಣಿಯವರೆಲ್ಲ ಬಂದು ನೋಡಿ, ಲೊಚಗುಟ್ಟಿ, ಹೋದರು. ಪಡಸಾಲೆಯಲ್ಲಿ ಚೀಲ ಒರಗಿಸಿ ಶರಣಿಯನ್ನು ಕೂರಿಸಿದೆ. ಪರಸಿಯ ಮೇಲೆ ಸಂಜೆಯ ಕೆಂಪು ಬಿದ್ದಿತ್ತು, ಒಲೆಯ ಹೊಗೆ ತೆಳ್ಳಗೆ ತೇಲುತ್ತಿತ್ತು. ಮಲ್ಲಣ್ಣನಿಗೆ ಹನಿಮದ್ದು ಎಣಿಸುವುದನ್ನು ಕಲಿಸಿದೆ. ಕಾಶಿಬಾಯಿ ಬಿಸಿ ರೊಟ್ಟಿಯ ತಾಟು ತಂದು, ಎಂದಿನಂತೆ ಮಾರು ದೂರ ಇಟ್ಟು, ಅಡುಗೆಮನೆಯ ಹೊಸ್ತಿಲ ಆಚೆ ಹೋಗಿ ನಿಂತಳು.

ನಾನು ತಾಟನ್ನು ಶರಣಿಯ ಮುಂದೆ ಸರಿಸಿದೆ. ಅವಳು ಮುಟ್ಟಲಿಲ್ಲ.

"ಕೊಂಡವ್ವ, ನೀ ನಾಳಿಗಿ ಹೋಗ್ತಿ ಹೌದಿಲ್ಲ?"

"ಹೌದು. ದವಾಖಾನ್ಯಾಗ ಬ್ಯಾರೆ ಮಕ್ಕಳು ಅವ."

"ಹಂಗಾದ್ರ ನಾ ಯಾರ ಮನ್ಯಾಗ ಇರ್ಲಿ? ಇದು ನಮ್ಮ ಮನಿ ಅಲ್ಲಲ್ಲ."

ಒಳಗೆ ಏನೋ ಪಾತ್ರೆ ಬಿದ್ದ ಸಪ್ಪಳ. ನನಗೆ ಆ ಹೊತ್ತಿಗೆ ಹೊಳೆದದ್ದನ್ನು ಹೇಳಿದೆ. ಯೋಚನೆ ಮಾಡಿ ಹೇಳಿದ್ದಲ್ಲ.

"ಶರಣಿ, ನಾ ನಿನ್ನ ಕೊಂಡಾಕಿ. ನನಗ ಮಾರೋ ಹಕ್ಕು ಐತಿ. ಮಾರಿಬಿಡ್ತೇನಿ."

"ಯಾರಿಗಿ?"

"ನಿನಗ. ನಿನ್ನ ನಿನಗ ಮಾರ್ತೇನಿ. ಆಮ್ಯಾಲೆ ನೀ ನನ್ನಾಕೀನೂ ಅಲ್ಲ, ಮತ್ತ ಯಾರಾಕೀನೂ ಅಲ್ಲ. ನಿನಗ ನೀನ ಮಾಲಕಿ. ಸಾವು ಬಂದು ಇದು ಯಾರ ಕೂಸು ಅಂತ ಕೇಳಿದ್ರ, ಓಣ್ಯಾಗ ಯಾರೂ ನಮ್ದು ಅನ್ನಂಗಿಲ್ಲ."

ಶರಣಿ ತಾಟಿನ ರೊಟ್ಟಿಯಿಂದ ಒಂದು ಚೂರು ಮುರಿದು ನನ್ನ ಕೈಯಲ್ಲಿಟ್ಟಳು. ನಾನು ಅದನ್ನು ತಿಂದು, ಗಟ್ಟಿಯಾಗಿ, ಒಳಗಿನವರಿಗೂ ಕೇಳುವಂತೆ "ಮಾರಿದೆ" ಅಂದೆ. ನನ್ನ ಜಾಣತನ ಅಷ್ಟಕ್ಕೇ ಮುಗಿಯಿತು. ಮುಂದಿನದು ಅವಳದೇ.

ಅವಳು ಇನ್ನೊಂದು ಚೂರು ಮುರಿದಳು. ಹೊಸ್ತಿಲ ಕಡೆ ಕೈ ಚಾಚಿದಳು. ಹೆತ್ತವ್ವನನ್ನು ಹೆಸರು ಹಿಡಿದು ಕರೆದಳು.

"ಏ ಕಾಶಿಬಾಯಿ. ಇಲ್ಲಿ ಬಾ. ನಾ ನಿನ್ನ ಕೊಂತೇನಿ."

ಕಾಶಿಬಾಯಿ ಹೊಸ್ತಿಲಲ್ಲಿ ಬಂದು ನಿಂತಳು. ಬಾಯಿಯಿಂದ ಸೆರಗು ಜಾರಿತ್ತು. "ನನ್ನ ಕೊಂಡು ಏನು ಮಾಡ್ತಿ ಬೇ?"

"ನನಗ ಅವ್ವ ಇಲ್ಲ," ಶರಣಿ ಅಂದಳು. "ಅದಕ್ಕ."

ಮಲ್ಲಣ್ಣ ಕಂಬ ಹಿಡಿದುಕೊಂಡ. ಕಾಶಿಬಾಯಿ ಒಂದು ಹೆಜ್ಜೆ ಇಟ್ಟು ನಿಂತಳು, ನನ್ನ ಮುಖ ನೋಡಿದಳು. "ಬಾಯಾರ, ಇದರಾಗ ಏನೂ ಕೇಡಿಲ್ಲಲ್ರಿ? ನಾ ಏನೂ ಅನ್ನಬೇಕಿಲ್ಲಲ್ರಿ?"

"ನೀ ಏನೂ ಅನಬ್ಯಾಡ," ಎಂದೆ. "ಕೂಸು ನಿನ್ದಲ್ಲ. ನೀ ಕೂಸಿನಾಕಿ. ಕೊಟ್ಟದ್ದು ತಗೊ, ಸಾಕು."

ಅವಳು ಬಂದು ಕೂತು, ಎರಡೂ ಕೈ ಒಡ್ಡಿ, ಪ್ರಸಾದ ತೆಗೆದುಕೊಂಡ ಹಾಗೆ ಆ ಚೂರು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ನುಂಗಲು ಆಗದೆ ಅಳತೊಡಗಿದಳು. ಶರಣಿ ಅವಳ ತೊಡೆಯ ಮೇಲೆ ತನ್ನ ಬಾತ ಕಾಲುಗಳನ್ನು ಇಟ್ಟು, "ಒತ್ತು" ಅಂದಳು, ಮಾಲಕಿಯ ಹಾಗೆ. ಕಾಶಿಬಾಯಿ ಒತ್ತಿದಳು. ಆಮೇಲೆ ರೊಟ್ಟಿ ಮುರಿದು ತಿನಿಸಿದಳು, ಶರಣಿ ಒಂದೊಂದೇ ತುತ್ತು ತಿಂದಳು. ಕತ್ತಲಾಗುವ ಮೊದಲೇ ತಾಯಿಯ ಎದೆಗೆ ಒರಗಿ ನಿದ್ದೆ ಹೋದಳು. ಹೊಟ್ಟಿನ ಚೀಲಕ್ಕಿಂತ ಅಲ್ಲಿ ಅವಳಿಗೆ ಉಸಿರು ಹಗುರವಾಗಿತ್ತು. ನರ್ಸ್ ಆಗಿ ಹೇಳುತ್ತಿದ್ದೇನೆ, ಅದು ನನ್ನ ಭ್ರಮೆ ಅಲ್ಲ.

ಮರುದಿನ ನಾನು ಜೇವರ್ಗಿಗೆ ಮರಳಿದೆ. ಡಾಕ್ಟರ್ ಸಾಹೇಬರಿಗೆ ಎಲ್ಲ ಹೇಳಿದಾಗ ಅವರು ಎದ್ದು ಹೋಗಿ, ಯಾವುದೋ ಕಿಟಕಿ ಮುಚ್ಚಿದ್ದಕ್ಕೆ ಕಾಂಪೌಂಡರನ ಮೇಲೆ ಕೂಗಾಡಿದರು.

ಹುಡುಗಿಯರೇ, ನಿಮಗೆ ಈಗ ಎಷ್ಟೋ ಮದ್ದುಗಳಿವೆ. ಶರಣಿಯಂಥ ಮಕ್ಕಳು ನಿಮ್ಮ ಕೈಯಲ್ಲಿ ಬದುಕಿ ಶಾಲೆಗೆ ಹೋಗುತ್ತಾರೆ, ನೋಡಿ ನನಗೆ ಹೊಟ್ಟೆ ತಣ್ಣಗಾಗುತ್ತದೆ. ಆದರೆ ಮದ್ದು ಮುಗಿದ ಮೇಲೂ ನಮ್ಮ ಕೆಲಸ ಮುಗಿಯುವುದಿಲ್ಲ. ಅದನ್ನು ನಾನು ಕಲಿತದ್ದು ಆ ಪಡಸಾಲೆಯಲ್ಲಿ.

ಮುಂಗಾರು ಬಿದ್ದ ಮೇಲೆ ಕಾಶಿಬಾಯಿ ಒಂದು ಮಧ್ಯಾಹ್ನ ದವಾಖಾನೆಗೆ ಬಂದಳು. ಒಬ್ಬಳೇ ಬಂದಿದ್ದಳು. ನೋಡಿದ ಕೂಡಲೇ ನನಗೆ ತಿಳಿಯಿತು. ಬೇವಿನ ಮರದ ಕೆಳಗೆ ಇಬ್ಬರೂ ಕೂತೆವು.

"ಬಿತ್ತಿಗಿ ಮುಗಿದ ಮ್ಯಾಲ ಹೋದ್ಲ್ರಿ ಬಾಯಾರ. ನನ್ನ ತೊಡಿ ಮ್ಯಾಲೇ ಇದ್ಲು. ಬಂದವರಿಗೆಲ್ಲ ಹೇಳ್ತಿದ್ಲು, ಇಕಿ ನಮ್ಮವ್ವ, ನಾ ಕೊಂಡೇನಿ ಅಂತ. ನಾ ಮಾತ್ರ ಅಕಿಗಿ ಏನೂ ಅನ್ಲಿಲ್ರಿ, ಕಡೀತನಕ."

ನನಗೆ ದುಃಖ ತಡೆಯಲಾಗಲಿಲ್ಲ. ಅವಳೇ ನನ್ನ ಬೆನ್ನು ಸವರಿದಳು. ಅವಳ ಮುಖದಲ್ಲಿ ನೋವು ಇತ್ತು, ಆ ಹಳೆಯ ಹೆದರಿಕೆ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ನನಗೆ ಸಮಾಧಾನ ಹೇಳುವವಳಂತೆ ಅಂದಳು:

"ಹೋಗುವಾಗ ನನ್ನ ಯಾರಿಗೂ ಮಾರಿ ಹೋಗಿಲ್ರಿ ಅಕಿ. ನಾ ಇನ್ನಾ ಅಕಿಯಾಕೀನ ಅದೇನಿ."